ದೊಡ್ಡಮ್ಮನನ್ನು ವೃದ್ಧಾಶ್ರಮಕ್ಕೆ ಸೇರಿಸಿ ಕಲಿತದ್ದು: ಮನೆಯವರಿಗೊಂದು ಮಾರ್ಗದರ್ಶಿ

ದೊಡ್ಡಮ್ಮನಿಗೆ ಅಲ್ಲಿ ಯಾರೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಹೊತ್ತುಹೊತ್ತಿಗೆ ಗಂಜಿ, ಊಟ, ಮಾತ್ರೆ. ಹಾಸಿಗೆ ಬೆಳ್ಳಗೆ, ನೆಲ ಚೊಕ್ಕ. ಆದರೂ ಮೂರನೇ ತಿಂಗಳಲ್ಲಿ ನಾನು ನೋಡಲು ಹೋದಾಗ, ಬಟ್ಟಲು ಮುಂದಿಟ್ಟರೂ ಅವರು ಸುಮ್ಮನೆ ಕೂತಿದ್ದರು. ಆಯಾ ಬಂದು "ತಿನ್ನಿ ಅಮ್ಮಾ" ಎಂದ ಮೇಲೆಯೇ ಕೈ ಬಾಯಿಗೆ ಹೋಯಿತು. ಉಡುಪಿ ಜಿಲ್ಲೆಯ ಶಂಕರಪುರದಲ್ಲಿ ಐವತ್ತು ವರ್ಷ ಮಲ್ಲಿಗೆ ಬೆಳೆಸಿ, ಬೆಳಗಾಗುವ ಮೊದಲೇ ಮೊಗ್ಗು ಕೊಯ್ದು, ಅಟ್ಟೆಯ (ಕಟ್ಟಿದ ಹೂವಿನ ಅಳತೆ) ದರಕ್ಕೆ ಹೂ ಕೊಳ್ಳುವ ಕಟ್ಟೆಯವರ ಹತ್ತಿರ ಜಗಳಕ್ಕೆ ನಿಲ್ಲುತ್ತಿದ್ದ ಹೆಂಗಸು ಅವರು. ಈಗ ಅಪ್ಪಣೆ ಇಲ್ಲದೆ ಒಂದು ತುತ್ತೂ ಎತ್ತುತ್ತಿರಲಿಲ್ಲ.

ಪ್ರಾಯ ಆಯಿತಲ್ಲ ಎಂದರು ಎಲ್ಲರೂ. ನಾನೂ ಹಾಗೆಯೇ ನಂಬಿದ್ದೆ. ಆಮೇಲೆ ಓದಿ ತಿಳಿದದ್ದು, ಇದಕ್ಕೆ ವೈದ್ಯರು ಹಿಂದೆಯೇ ಹೆಸರಿಟ್ಟಿದ್ದಾರೆ ಎಂದು. ಬ್ರಿಟಿಷ್ ಮನೋವೈದ್ಯ ರಸೆಲ್ ಬಾರ್ಟನ್ 1959ರಲ್ಲಿ ಅದನ್ನು 'ಇನ್‌ಸ್ಟಿಟ್ಯೂಷನಲ್ ನ್ಯೂರೋಸಿಸ್' ಎಂದು ಕರೆದರು. ಉತ್ಸಾಹ ಬತ್ತುವುದು, ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು, ನಾಳೆಯ ಬಗ್ಗೆ ಏನೂ ಕೇಳದಿರುವುದು. ಇದು ಆ ಮನುಷ್ಯನನ್ನು ಒಳಗೆ ತಂದ ಕಾಯಿಲೆಯಲ್ಲ, ಒಳಗೆ ಬಂದ ಮೇಲೆ ಹಿಡಿಯುವ ಇನ್ನೊಂದು ಕಾಯಿಲೆ ಎಂಬುದು ಅವರ ವಾದ. ಕಾರಣಗಳನ್ನೂ ಪಟ್ಟಿ ಮಾಡಿದ್ದರು: ಹೊರಗಿನ ಸಂಪರ್ಕ ತಪ್ಪುವುದು, ಕೈಗೆ ಕೆಲಸ ಇಲ್ಲದಿರುವುದು, ನೋಡಿಕೊಳ್ಳುವವರ ದರ್ಬಾರು, ಸ್ವಂತ ವಸ್ತುಗಳು ಕೈಬಿಡುವುದು, ಮಂಪರಿನ ಔಷಧ, ಹೊರಗೆ ಹೋಗುವ ಆಸೆಯೇ ಇಲ್ಲದಾಗುವುದು.

ಹಾಗಾಗಿ ಈ ಲೇಖನದಲ್ಲಿ ನಾನು ಹೇಳುವ ಅಳತೆಗೋಲು ಒಂದೇ. ಆಶ್ರಮದ ಟೈಲ್ಸ್ ಎಣಿಸಬೇಡಿ. ಅಲ್ಲಿರುವವರು ದಿನಕ್ಕೆ ಎಷ್ಟು ಸಣ್ಣ ವಿಷಯಗಳನ್ನು ತಾವೇ ತೀರ್ಮಾನಿಸುತ್ತಾರೆ ಎಂದು ಎಣಿಸಿ.

ಮೊದಲನೆಯದು: ಡಿಸ್ಚಾರ್ಜ್ ದಿನ ತೀರ್ಮಾನ ಬೇಡ

ನಮ್ಮ ಕಡೆ ಈ ತೀರ್ಮಾನ ಆಗುವುದು ಹೆಚ್ಚಾಗಿ ಆಸ್ಪತ್ರೆಯ ವರಾಂಡದಲ್ಲಿ. ಆಟಿಯ ಮಳೆಗೆ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಬೀಳುವುದು, ಸೊಂಟದ ಕೀಲಿನ ಆಪರೇಷನ್, ಮಗ ಕುವೈತಿನಿಂದ ಹತ್ತು ದಿನದ ರಜೆಯಲ್ಲಿ ಬಂದವನು, ಮಗಳು ಮುಂಬೈಯಲ್ಲಿ. ಹತ್ತನೇ ದಿನ ಫ್ಲೈಟು, ಒಂಬತ್ತನೇ ದಿನ ಆಶ್ರಮ. ನಮ್ಮಲ್ಲೂ ಹೆಚ್ಚುಕಡಿಮೆ ಹೀಗೆಯೇ ಆಯಿತು. ನಡುವೆ ಐದು ತಿಂಗಳಲ್ಲಿ ನಾಲ್ಕು ಹೋಮ್ ನರ್ಸ್ ಬದಲಾದರು, ಅಷ್ಟೇ ವ್ಯತ್ಯಾಸ.

ಆಪರೇಷನ್ ಆದ ಮೇಲೆ ಪ್ರಾಯದವರಿಗೆ ಒಮ್ಮೆಗೇ ಗಲಿಬಿಲಿ ಆಗುವುದುಂಟು. ರಾತ್ರಿ ಎದ್ದು ಕೂಗುವುದು, ಸತ್ತವರನ್ನು ಕರೆಯುವುದು. ಇದಕ್ಕೆ ಡಿಲೀರಿಯಂ ಎನ್ನುತ್ತಾರೆ. ಮರೆಗುಳಿತನ ನಿಧಾನಕ್ಕೆ ಬರುತ್ತದೆ, ಇದು ದಿನಗಳಲ್ಲಿ ಬರುತ್ತದೆ. ಮೂತ್ರದ ಇನ್ಫೆಕ್ಷನ್, ಮಲಬದ್ಧತೆ, ನೀರು ಕಡಿಮೆಯಾದದ್ದು, ಹೊಸ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣ ಆಗಿರಬಹುದು. ಕಾರಣ ಹಿಡಿದು ಚಿಕಿತ್ಸೆ ಮಾಡಿದರೆ ಹೆಚ್ಚಿನವರು ಸುಧಾರಿಸುತ್ತಾರೆ. ಆ ಗಲಿಬಿಲಿಯ ವಾರದಲ್ಲಿ ನೋಡಿ "ಇವರನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ" ಎಂದು ನಿರ್ಧರಿಸಿದರೆ ಅದು ತಪ್ಪು ಲೆಕ್ಕ. ಥೈರಾಯ್ಡ್, ಬಿ12, ಕಣ್ಣಿನ ಪೊರೆ, ಕಿವಿ, ಖಿನ್ನತೆ, ಇಷ್ಟನ್ನು ಒಮ್ಮೆ ನೋಡಿಸಿ. ಕಿವಿ ಕೇಳದವರನ್ನು ಬುದ್ಧಿ ಹೋದವರು ಎಂದು ಎಣಿಸಿದ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನು ಅವರನ್ನೇ ಕೇಳುವುದು. ಇದನ್ನು ಬರೆಯಲೂ ನಾಚಿಕೆಯಾಗುತ್ತದೆ, ಯಾಕೆಂದರೆ ನಾವು ಕೇಳಿರಲಿಲ್ಲ. "ನಾಲ್ಕು ದಿನ ಇದ್ದು ಬನ್ನಿ ದೊಡ್ಡಮ್ಮ" ಎಂದು ಸುಳ್ಳು ಹೇಳಿ ಕಾರು ಹತ್ತಿಸಿದೆವು. ಆ ಸುಳ್ಳಿನ ಬಡ್ಡಿಯನ್ನು ಆರು ತಿಂಗಳು ಕಟ್ಟಿದೆವು. ಪ್ರತಿ ಭೇಟಿಯಲ್ಲೂ "ಎಂಕ್ ಇಲ್ಲಡೆ ಪೋವೊಡು" ಎನ್ನುತ್ತಿದ್ದರು, ಮನೆಗೆ ಹೋಗಬೇಕು ಎಂದು. ಯಾವಾಗ ಎಂದು ಅವರು ಕೇಳಿದರೆ ನಮ್ಮ ಹತ್ತಿರ ಉತ್ತರ ಇರುತ್ತಿರಲಿಲ್ಲ. ಮರೆವು ಇದ್ದವರಿಗೂ ಎರಡು ಜಾಗ ತೋರಿಸಿ ಯಾವುದು ಇಷ್ಟ ಎಂದು ಕೇಳಬಹುದು. ಯಾವ ಬಟ್ಟೆ, ಯಾವ ದೇವರ ಪಟ, ಯಾವ ಚೊಂಬು ಕೊಂಡುಹೋಗುವುದು ಎಂದಾದರೂ ಕೇಳಬಹುದು.

ಎರಡನೆಯದು: ನೋಡಲು ಹೋಗುವುದು ಸಂಜೆ ನಾಲ್ಕು ಗಂಟೆಗೆ

ಮ್ಯಾನೇಜರಿಗೆ ಫೋನ್ ಮಾಡಿ ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಆಶ್ರಮವೂ ಚೆಂದವೇ. ಒಮ್ಮೆ ಹಾಗೆ ಹೋಗಿ. ಇನ್ನೊಮ್ಮೆ ಹೇಳದೆ ಸಂಜೆ ಹೋಗಿ, ಆಗುವುದಾದರೆ ಆದಿತ್ಯವಾರ, ಸ್ಟಾಫ್ ಕಡಿಮೆ ಇರುವ ದಿನ. ಹೇಳದೆ ಬಂದವರನ್ನು ಗೇಟಿನಲ್ಲೇ ನಿಲ್ಲಿಸುವ ಜಾಗವನ್ನು ಪಟ್ಟಿಯಿಂದ ತೆಗೆದುಬಿಡಿ.

ಒಳಗೆ ಹೋದ ಮೇಲೆ ಮೊದಲು ಕೈಗಳನ್ನು ನೋಡಿ. ಎಲ್ಲರ ಕೈಯೂ ಮಡಿಲಲ್ಲಿ, ಮುಂದೆ ಟಿವಿ, ಟಿವಿಯಲ್ಲಿ ಯಾರೂ ನೋಡದ ಸೀರಿಯಲ್. ಹೀಗಿದ್ದರೆ ಎಚ್ಚರ. ಒಬ್ಬರು ತೊಂಡೆಕಾಯಿ ಹೆಚ್ಚುತ್ತಿದ್ದರೆ, ಇನ್ನೊಬ್ಬರು ಪೇಪರ್ ಹಿಡಿದು ಗೊಣಗುತ್ತಿದ್ದರೆ, ಇಬ್ಬರು ಯಾವುದಕ್ಕೋ ಜಗಳವಾಡುತ್ತಿದ್ದರೆ ನನಗೆ ಸಮಾಧಾನ. ಜಗಳ ಒಳ್ಳೆಯ ಲಕ್ಷಣ, ನಂಬಿ.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ವೃದ್ಧರ ಒಂದು ನರ್ಸಿಂಗ್ ಹೋಮಿನಲ್ಲಿ ನಡೆದ ಅಧ್ಯಯನವೊಂದನ್ನು ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದರು. ಒಂದು ಮಹಡಿಯವರಿಗೆ ಒಂದೊಂದು ಗಿಡ ಆರಿಸಿಕೊಂಡು ತಾವೇ ನೀರು ಹಾಕಲು, ಸಿನಿಮಾ ನೋಡುವ ದಿನವನ್ನು ತಾವೇ ಆರಿಸಲು ಹೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಆದರೆ ನೀರು ಹಾಕುವುದು ನರ್ಸುಗಳ ಕೆಲಸ, ಸಿನಿಮಾದ ದಿನ ನಿಗದಿ ಮಾಡುವುದೂ ಸಂಸ್ಥೆಯೇ. ಕೆಲವೇ ವಾರಗಳಲ್ಲಿ ಮೊದಲನೆಯ ಮಹಡಿಯವರು ಹೆಚ್ಚು ಚುರುಕಾದರು, ಹೆಚ್ಚು ಓಡಾಡಿದರು. ಸಣ್ಣ ಅಧ್ಯಯನ, ಅದರ ಲೆಕ್ಕಾಚಾರದ ಬಗ್ಗೆ ತಕರಾರೂ ಇದೆ. ಆದರೂ ಅದನ್ನು ಓದಿದ ದಿನ ನನಗೆ ದೊಡ್ಡಮ್ಮನ ಮಲ್ಲಿಗೆ ಗಿಡಗಳು ನೆನಪಾದವು. ಆ ಆಶ್ರಮದಲ್ಲಿ ಎಷ್ಟು ಒಳ್ಳೆಯ ಹೂದೋಟ ಇತ್ತು! ಅದಕ್ಕೆ ಮಾಲಿ ಇದ್ದ. ಗಿಡ ಮುಟ್ಟಬಾರದು ಎಂದು ಬೋರ್ಡೂ ಇತ್ತು.

ಕೇಳಬೇಕಾದ ಪ್ರಶ್ನೆಗಳು ಕೆಲವು ಉಂಟು. ರಾತ್ರಿ ಊಟ ಎಷ್ಟು ಗಂಟೆಗೆ? ಸಂಜೆ ಆರಕ್ಕೆ ಊಟ ಮುಗಿಸಿ ಬೆಳಿಗ್ಗೆ ಎಂಟಕ್ಕೆ ತಿಂಡಿ ಎಂದರೆ ನಡುವೆ ಹದಿನಾಲ್ಕು ಗಂಟೆ. ಸಕ್ಕರೆ ಕಾಯಿಲೆಯವರಿಗೆ ಇದು ಅಪಾಯ. ರಾತ್ರಿ ಎಷ್ಟು ಜನರಿಗೆ ಎಷ್ಟು ಆಯಾಗಳು, ಅವರು ಎಚ್ಚರ ಇರುತ್ತಾರಾ, ಮಲಗುತ್ತಾರಾ? ಬೆಳಿಗ್ಗೆ ಸ್ನಾನ ಬೇಡ, ಸಂಜೆ ಮಾಡುತ್ತೇನೆ ಎಂದರೆ ಒಪ್ಪುತ್ತಾರಾ? ಕಪಾಟಿನ ಕೀ ಯಾರ ಕೈಯಲ್ಲಿ? ಮೊಬೈಲ್ ಇಟ್ಟುಕೊಳ್ಳಬಹುದಾ? ಬೇಕೆಂದಾಗ ಕುಚ್ಚಲಕ್ಕಿ ಗಂಜಿ ಸಿಗುತ್ತದಾ, ಬೆಳ್ತಿಗೆ ಅಕ್ಕಿಯದ್ದೇ ಗತಿಯಾ? ಮೀನು ತಿಂದು ಬೆಳೆದವರಿಗೆ ವಾರಕ್ಕೊಮ್ಮೆ ಬಂಗುಡೆಯ ವಾಸನೆಯಾದರೂ ಬೇಕು. ಶುದ್ಧ ಸಸ್ಯಾಹಾರದ ಆಶ್ರಮ ತಪ್ಪಲ್ಲ, ಆದರೆ ಮಲ್ಪೆಯ ಅಜ್ಜನನ್ನು ಅಲ್ಲಿ ಸೇರಿಸುವ ಮೊದಲು ಎರಡು ಸಲ ಯೋಚಿಸಿ.

ಭಾಷೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಪ್ರಾಯ ಹೋದಂತೆ, ಅದರಲ್ಲೂ ಮರೆವು ಶುರುವಾದ ಮೇಲೆ, ಆಮೇಲೆ ಕಲಿತ ಭಾಷೆಗಳು ಮೊದಲು ಕಳಚಿ ತಾಯಿಭಾಷೆ ಉಳಿಯುವುದು ಸಾಮಾನ್ಯ. ನಮ್ಮ ಜಿಲ್ಲೆಗಳಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡ. ಆಯಾಗಳು ಎಷ್ಟೋ ಕಡೆ ಹೊರಜಿಲ್ಲೆ, ಹೊರರಾಜ್ಯದವರು. ದೊಡ್ಡಮ್ಮ ಎರಡು ದಿನ "ಬೇನೆ ಆಪುಂಡು", ನೋವಾಗುತ್ತದೆ ಎಂದು ತುಳುವಿನಲ್ಲಿ ಹೇಳಿದ್ದು ಯಾರಿಗೂ ಅರ್ಥವಾಗಿರಲಿಲ್ಲ, "ಅಮ್ಮ ಏನೋ ಹಾಡುತ್ತಾ ಇರ್ತಾರೆ" ಎಂದು ಆ ಹುಡುಗಿ ನಗುತ್ತಲೇ ಹೇಳಿದಳು. ಅವಳ ತಪ್ಪಲ್ಲ. ನೋವು, ನೀರು, ಹಸಿವು, ಶೌಚ, ಚಳಿ ಇಷ್ಟಕ್ಕೆ ಮನೆಮಾತಿನ ಶಬ್ದಗಳನ್ನು ಒಂದು ಕಾಗದದಲ್ಲಿ ಆ ಆಯಾಳಿಗೆ ಓದಲು ಬರುವ ಲಿಪಿಯಲ್ಲಿ ಬರೆದು ಮಂಚದ ತಲೆಯ ಹತ್ತಿರ ಅಂಟಿಸಿ. ಐದು ನಿಮಿಷದ ಕೆಲಸ.

ಕಾಗದಪತ್ರ

ಸಂಸ್ಥೆ ಟ್ರಸ್ಟ್ ಆಗಿಯೋ ಸಂಘವಾಗಿಯೋ ನೋಂದಣಿ ಆಗಿದೆಯಾ ನೋಡಿ. ಅಡ್ವಾನ್ಸ್ ಎಷ್ಟು, ಬಿಟ್ಟು ಹೊರಟರೆ ಎಷ್ಟು ವಾಪಸ್, ಎಮರ್ಜೆನ್ಸಿಯಲ್ಲಿ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗಾ, ಉಡುಪಿಯ ಅಜ್ಜರಕಾಡಿನ ಜಿಲ್ಲಾಸ್ಪತ್ರೆಗಾ, ಮಣಿಪಾಲಕ್ಕಾ, ಕರೆದೊಯ್ಯುವವರು ಯಾರು, ಇದೆಲ್ಲ ಬರವಣಿಗೆಯಲ್ಲಿ ಇರಲಿ. ಆಧಾರ್, ಪಾಸ್‌ಬುಕ್ ಒರಿಜಿನಲ್ ಕೊಡಬೇಡಿ, ಜೆರಾಕ್ಸ್ ಸಾಕು. ಪಿಂಚಣಿ ಬರುವವರಾದರೆ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಕೊಡಬೇಕೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಖ ತೋರಿಸಿ ಮೊಬೈಲಿನಲ್ಲೇ ಮಾಡುವ ವ್ಯವಸ್ಥೆ ಇದೆ.

ಕೊಡಲೇಬೇಕಾದ ಇನ್ನೊಂದು ಕಾಗದವನ್ನು ಯಾರೂ ಕೇಳುವುದಿಲ್ಲ. ಒಂದು ಪುಟ ಸಾಕು: ಈ ಮನುಷ್ಯ ಯಾರು. ಏನು ಕೆಲಸ ಮಾಡಿದವರು, ಎಷ್ಟು ಗಂಟೆಗೆ ಏಳುವವರು, ಚಾಯವಾ ಕಾಫಿಯಾ, ಯಾವ ಹೆಸರಿನಲ್ಲಿ ಕರೆದರೆ ತಿರುಗಿ ನೋಡುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಕ್ಷಗಾನದಲ್ಲಿ ಬಡಗು ಶೈಲಿಯಾ ತೆಂಕು ಶೈಲಿಯಾ. ನಗಬೇಡಿ, ಕೊನೆಯದಕ್ಕೆ ರಾತ್ರಿಯಿಡೀ ವಾದಿಸುವ ಅಜ್ಜಂದಿರು ನಮ್ಮಲ್ಲಿದ್ದಾರೆ.

ಮೊದಲ ಆರು ವಾರ

"ಹೊಂದಿಕೊಳ್ಳಲಿ, ಸ್ವಲ್ಪ ದಿನ ಬರಬೇಡಿ" ಎಂದು ಕೆಲವು ಕಡೆ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಭೇಟಿ ಕೊಟ್ಟು ಹೊರಡುವಾಗ ಅಳುತ್ತಾರೆ, ನಿಜ. ಅಳುವುದು ನಿಂತದ್ದನ್ನು ಹೊಂದಿಕೊಂಡದ್ದು ಎಂದು ತಿಳಿಯಬಾರದು. ಮೊದಲ ವಾರಗಳಲ್ಲಿ ಚಿಕ್ಕ ಚಿಕ್ಕ ಭೇಟಿ, ಸರದಿಯ ಮೇಲೆ ಬೇರೆ ಬೇರೆ ಜನ, ಅರ್ಧ ಗಂಟೆ ಸಾಕು. ಹತ್ತಿರದವರು ಇಲ್ಲದಿದ್ದರೆ ಹಳೆಯ ನೆರೆಮನೆಯವರನ್ನು, ಜತೆಗೆ ಬೀಡಿ ಕಟ್ಟುತ್ತಿದ್ದವರನ್ನು, ಭಜನಾ ಮಂಡಳಿಯವರನ್ನು, ಚರ್ಚಿನ ವಾಳೆಯವರನ್ನು ಕೇಳಿಕೊಳ್ಳಿ. ವಿದೇಶದಲ್ಲಿರುವವರು ವಾರಕ್ಕೆ ಒಂದೇ ದಿನ, ಒಂದೇ ಹೊತ್ತಿಗೆ ವೀಡಿಯೊ ಕಾಲ್ ಮಾಡಿ. ಹೊತ್ತು ತಪ್ಪಿಸಬೇಡಿ. ಅಲ್ಲಿ ದಿನವೆಲ್ಲ ಕಾದೇ ಕೂರುವವರಿಗೆ ಹೇಳಿದ ಹೊತ್ತಿಗೆ ಬರುವ ಫೋನು ದೊಡ್ಡ ಸಂಗತಿ.

ಹೋದಾಗ ನಾನು ನೋಡುವುದು

ಮಾತಾಡುತ್ತಲೇ ಕಾಲು ಒತ್ತುವ ನೆಪದಲ್ಲಿ ಹಿಮ್ಮಡಿ ನೋಡಿ. ಮಲಗಿಯೇ ಇರುವವರಿಗೆ ಹಿಮ್ಮಡಿ, ಸೊಂಟದ ಪಕ್ಕ, ಬೆನ್ನಿನ ಕೆಳತುದಿ ಕೆಂಪಾಗಿ, ಬೆರಳಿನಿಂದ ಒತ್ತಿದರೂ ಬಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಎಂದರ್ಥ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಬದಲಿಸಿದ ಹೊತ್ತನ್ನು ಬರೆದಿಡುವ ಪುಸ್ತಕ ಕೇಳಿ. ಬಾಯಿ ಒಣಗಿದೆಯಾ, ಉಗುರು ಕತ್ತರಿಸಿದ್ದಾರಾ, ಹಲ್ಲಿನ ಸೆಟ್ಟು, ಕನ್ನಡಕ, ಕಿವಿಯ ಮೆಷಿನ್ ಅವರದ್ದೇನಾ ನೋಡಿ. ದೊಡ್ಡಮ್ಮ ಒಮ್ಮೆ ಬೇರೆ ಯಾರದ್ದೋ ಕನ್ನಡಕ ಹಾಕಿಕೊಂಡು ಎರಡು ವಾರ ಕಳೆದಿದ್ದರು. "ಕಾಣುವುದಿಲ್ಲ" ಎಂದರೆ ಪ್ರಾಯದ ದೋಷ ಎಂದರಂತೆ.

ತಿಂಗಳಿಗೊಮ್ಮೆ ತೂಕ ಬರೆದಿಡಿ. ಒಂದು ತಿಂಗಳಲ್ಲಿ ಶೇಕಡ 5, ಆರು ತಿಂಗಳಲ್ಲಿ ಶೇಕಡ 10 ಇಳಿದರೆ ಡಾಕ್ಟರಿಗೆ ತೋರಿಸಲೇಬೇಕು. 50 ಕಿಲೋದವರಿಗೆ ಅದು ತಿಂಗಳಿಗೆ ಬರೀ ಎರಡೂವರೆ ಕಿಲೋ, ಸೀರೆಯೊಳಗೆ ಕಾಣುವುದೇ ಇಲ್ಲ.

ಮಾತ್ರೆಯ ಚೀಟಿಯ ಫೋಟೊ ಪ್ರತಿ ತಿಂಗಳೂ ತೆಗೆಯಿರಿ. ಹೊಸ ಮಾತ್ರೆ ಸೇರಿದ್ದರೆ ಯಾಕೆ, ಯಾರು ಬರೆದದ್ದು, ಎಲ್ಲಿಯವರೆಗೆ ಎಂದು ಕೇಳಿ. ಮರೆವಿನವರು ರಾತ್ರಿ ಗಲಾಟೆ ಮಾಡುತ್ತಾರೆಂದು ಮನೋರೋಗದ (ಆಂಟಿಸೈಕೋಟಿಕ್) ಔಷಧ ಕೊಟ್ಟು ಮಲಗಿಸುವ ಅಭ್ಯಾಸ ಜಗತ್ತಿನ ಎಲ್ಲ ಕಡೆ ಉಂಟು. ಮರೆಗುಳಿ ಕಾಯಿಲೆಯ ವೃದ್ಧರಲ್ಲಿ ಈ ಔಷಧಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಲವರಿಗೆ ಬೇಕಾಗಬಹುದು, ಕಡಿಮೆ ಡೋಸಿನಲ್ಲಿ, ಕಡಿಮೆ ಕಾಲ. ಆದರೆ ನೀವು ಹೋದಾಗಲೆಲ್ಲ ತೂಕಡಿಸುತ್ತಿದ್ದರೆ ಕೇಳದೆ ಬರಬೇಡಿ. ನೀವಾಗಿಯೇ ನಿಲ್ಲಿಸಲೂ ಬೇಡಿ.

ಹಾಗೆಯೇ ಪ್ಯಾಡ್. ವಾಕರ್ ಹಿಡಿದು ಶೌಚಕ್ಕೆ ಹೋಗುತ್ತಿದ್ದವರಿಗೆ ಪ್ಯಾಡ್ ಹಾಕಿದರೆ ಅದು ಯಾರ ಅನುಕೂಲಕ್ಕೆ? ಕೂತಲ್ಲೇ ಕೂತರೆ ಕೆಲವೇ ವಾರಗಳಲ್ಲಿ ಕಾಲಿನ ಬಲ ಇಳಿಯುತ್ತದೆ, ಮತ್ತೆ ಅದನ್ನು ಗಳಿಸುವುದು ಕಷ್ಟ. ಬೀಳುತ್ತಾರೆಂದು ಕೂರಿಸುವುದು, ಕೂತದ್ದರಿಂದ ಬಲ ಹೋಗುವುದು, ಬಲ ಹೋದದ್ದರಿಂದ ಬೀಳುವುದು. ಕಟ್ಟಿಹಾಕುವುದನ್ನಂತೂ ಒಪ್ಪಲೇಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ, ಆ ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿಯ ತೀವ್ರ ತೊಂದರೆಯೂ ಸೇರಿದೆ. ಮನಸ್ಸಿನ ವಿಷಯಕ್ಕೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ.

ಏನೋ ಸರಿಯಿಲ್ಲ ಅನಿಸಿದಾಗ

ಮೊದಲು ಆಯಾಳ ಹತ್ತಿರ ಮಾತಾಡಿ, ಅವಳ ಹೆಸರು ಹಿಡಿದು. ಹೆಸರೇ ಗೊತ್ತಿಲ್ಲದೆ ಅವಳ ಮೇಲೆ ದೂರು ಕೊಡಲು ಹೋಗುವವರನ್ನು ಕಂಡರೆ ನನಗೆ ಸಿಟ್ಟು. ಕಡಿಮೆ ಸಂಬಳಕ್ಕೆ ಎಷ್ಟೋ ಜನರ ಮಲಮೂತ್ರ ತೆಗೆಯುವವಳು ಅವಳು. ದೀಪಾವಳಿಗೆ ಅವಳಿಗೂ ಒಂದು ಸೀರೆ ಇರಲಿ. ಅದು ಲಂಚವಲ್ಲ, ಋಣ.

ಅಲ್ಲಿಗೆ ಬಗೆಹರಿಯದಿದ್ದರೆ ಮ್ಯಾನೇಜರಿಗೆ ಬರವಣಿಗೆಯಲ್ಲಿ, ದಿನಾಂಕ ಹಾಕಿ. ಗಾಯ ಇದ್ದರೆ ಫೋಟೊ. ಅದಕ್ಕೂ ಮುಂದಿನದು ಹಿರಿಯ ನಾಗರಿಕರ ಸಹಾಯವಾಣಿ 14567, ಮತ್ತು ಜಿಲ್ಲೆಯ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಜೀವಕ್ಕೇ ಅಪಾಯ ಅನಿಸಿದರೆ 112.

ಹಿರಿಯರನ್ನು ತಂದು ಬಿಟ್ಟು ಫೀಸೂ ಕಟ್ಟದೆ ಮಾಯವಾಗುವ ಮಕ್ಕಳ ವಿಷಯ ಬೇರೆ. ಅದಕ್ಕೆ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಇದೆ. ಅರವತ್ತು ದಾಟಿದವರು ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್ ಮುಂದೆ ಅರ್ಜಿ ಕೊಡಬಹುದು. ದಕ್ಷಿಣ ಕನ್ನಡದವರಿಗೆ ಮಂಗಳೂರು ಅಥವಾ ಪುತ್ತೂರು, ಉಡುಪಿ ಜಿಲ್ಲೆಯವರಿಗೆ ಕುಂದಾಪುರ. ತಿಂಗಳಿಗೆ 10,000 ರೂಪಾಯಿವರೆಗೆ ಪೋಷಣಾ ವೆಚ್ಚ ಕೊಡಿಸಲು ಅವಕಾಶ ಇದೆ. ಮಕ್ಕಳಿಲ್ಲದವರು ತಮ್ಮ ಆಸ್ತಿ ಪಡೆಯುವ ಸಂಬಂಧಿಕರ ಮೇಲೂ ಅರ್ಜಿ ಹಾಕಬಹುದು. ಹಿರಿಯರನ್ನು ಬಿಟ್ಟುಹೋಗುವುದು ಮೂರು ತಿಂಗಳವರೆಗೆ ಜೈಲು ಆಗುವ ಅಪರಾಧ. ಇನ್ನೊಂದು ಮಾತು ಹಿರಿಯರಿಗೇ: ಮನೆ, ಜಾಗ ದಾನಪತ್ರ ಮಾಡುವಾಗ "ನನ್ನನ್ನು ನೋಡಿಕೊಳ್ಳಬೇಕು" ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ಆ ಷರತ್ತು ಇದ್ದರೆ, ನೋಡಿಕೊಳ್ಳದಿದ್ದಾಗ 23ನೇ ಸೆಕ್ಷನ್ ಅಡಿ ಪತ್ರ ರದ್ದು ಮಾಡಿಸಬಹುದು. ಬಾಯಿಮಾತಿನ ಭರವಸೆಯನ್ನು ನಂಬಿ ಮಾಡಿದ ಪತ್ರ ರದ್ದು ಮಾಡಿಸುವುದು ಕಷ್ಟ.

ಕೈಗೆ ಕೆಲಸ ಕೊಡುವುದು

ನಾವು ದೊಡ್ಡಮ್ಮನನ್ನು ಕೊನೆಗೆ ಬೇರೆ ಕಡೆಗೆ ಬದಲಿಸಿದೆವು. ಹೊಸ ಜಾಗ ಹಳೆಯದಕ್ಕಿಂತ ಹಳತು, ಹಂಚಿನ ಮಾಡು, ಮಳೆಗಾಲದಲ್ಲಿ ಒಂದೆರಡು ಕಡೆ ಸೋರುತ್ತದೆ. ಆದರೆ ಅಡುಗೆಮನೆಯ ಬಾಗಿಲು ತೆರೆದೇ ಇರುತ್ತದೆ. ಮೊದಲ ವಾರ ಅವರು ಅಲ್ಲೂ ಸುಮ್ಮನೆ ಕೂತಿದ್ದರು. ಎರಡನೇ ಭೇಟಿಗೆ ನಾನು ಬಿಡಿ ಮಲ್ಲಿಗೆ ಮೊಗ್ಗು, ನೀರಲ್ಲಿ ನೆನೆಸಿದ ಬಾಳೆನಾರು ಕೊಂಡುಹೋಗಿ ಮಡಿಲಲ್ಲಿಟ್ಟೆ. ಕಟ್ಟಿ ಎಂದು ಹೇಳಲಿಲ್ಲ. ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಾನೇ ಅಡ್ಡಾದಿಡ್ಡಿ ಕಟ್ಟಲು ಶುರು ಮಾಡಿದೆ. ಅವರು ನೋಡುತ್ತಿದ್ದವರು ನನ್ನ ಕೈಯಿಂದ ಕಿತ್ತುಕೊಂಡರು, ಬಿಚ್ಚಿ ಮೊದಲಿನಿಂದ ಕಟ್ಟಿದರು. ಒಂದು ಚೆಂಡಿಗೆ ಎಂಟುನೂರು ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅರ್ಧ ಚೆಂಡೂ ಆಗಲಿಲ್ಲ ಅವತ್ತು. "ಇವತ್ತು ಅಟ್ಟೆಗೆ ಎಷ್ಟು?" ಎಂದು ಕೇಳಿದರು.

ನಿಮ್ಮವರ ಕೆಲಸ ಬೇರೆ ಇರಬಹುದು. ಬಲೆ ಹೆಣೆದವರಿಗೆ ನೂಲು, ಟೈಲರಿಗೆ ಗುಂಡಿ ಹೊಲಿಯಲು ಶರ್ಟು, ಮಾಸ್ತರಿಗೆ ತಪ್ಪು ತಿದ್ದಲು ಮೊಮ್ಮಗನ ಕಾಪಿ ಪುಸ್ತಕ, ಬ್ಯಾಂಕಿನಲ್ಲಿದ್ದವರಿಗೆ ಆಶ್ರಮದ ತರಕಾರಿ ಲೆಕ್ಕ. ಆಟಿಕೆಯಂಥ ಕೆಲಸ ಕೊಡಬೇಡಿ, ಅವರಿಗೆ ಗೊತ್ತಾಗುತ್ತದೆ. ಆಗಬೇಕಾದ ಕೆಲಸವೇ ಆಗಿರಲಿ. ಅವರು ಕಟ್ಟಿದ ಹೂವನ್ನು ನಾನು ಮನೆಗೆ ತಂದು ಮುಡಿಯುತ್ತೇನೆ, ಅಕ್ಕಪಕ್ಕದವರಿಗೂ ಕೊಡುತ್ತೇನೆ. ಸರಿಯಿಲ್ಲದಿದ್ದರೆ ಸರಿಯಿಲ್ಲ ಎಂದೂ ಹೇಳುತ್ತೇನೆ.

ವರ್ಷಕ್ಕೆ ಮೂರ್ನಾಲ್ಕು ಸಲವಾದರೂ ಹೊರಗೆ ಕರೆತನ್ನಿ: ನಾಗರಪಂಚಮಿಗೆ ನಾಗನಿಗೆ ಹಾಲೆರೆದು ತನು ಹಾಕಲು, ಕ್ರೈಸ್ತರ ತೆನೆಹಬ್ಬವಾದ ಮೊಂತಿ ಫೆಸ್ತಿಗೆ, ಮೊಮ್ಮಗಳ ಮದುವೆಗೆ. ವಾಪಸ್ ಬಿಡುವಾಗ ಕಷ್ಟ ಆಗುತ್ತದೆಂದು ಕರೆತರುವುದನ್ನೇ ನಿಲ್ಲಿಸಬೇಡಿ. ಊಟ ಆದ ಮೇಲೆ, ಬೆಳಕಿರುವಾಗಲೇ ಬಿಡಿ, ಕತ್ತಲಾದ ಮೇಲೆ ಗಲಿಬಿಲಿ ಹೆಚ್ಚು. ಮುಂದೆ ಯಾವತ್ತು ಬರುತ್ತೀರೆಂದು ಅವರ ಮಂಚದ ಪಕ್ಕದ ಕ್ಯಾಲೆಂಡರಿನಲ್ಲಿ ಅವರ ಕೈಯಲ್ಲೇ ಗುರುತು ಹಾಕಿಸಿ. ದೊಡ್ಡಮ್ಮನ ಕ್ಯಾಲೆಂಡರಿನಲ್ಲಿ ಆದಿತ್ಯವಾರಗಳಿಗೆಲ್ಲ ವೃತ್ತ ಉಂಟು. ಕಳೆದ ತಿಂಗಳು ಒಂದು ವಾರ ನನಗೆ ಹೋಗಲಾಗಲಿಲ್ಲ, ಆ ವೃತ್ತದ ಮೇಲೆ ಅಡ್ಡಗೆರೆ ಎಳೆದಿಟ್ಟಿದ್ದರು. ಮುಂದಿನ ವಾರ ಹೋದಾಗ ಅದನ್ನು ಬೆರಳಲ್ಲಿ ತೋರಿಸಿ ಚೆನ್ನಾಗಿ ಬೈದರು.